ಚಿಕ್ಕಪೇಟೆಗೆ ಎತ್ತರದ ಕಟ್ಟಡವೋ, ಪಾದಚಾರಿ ಬೀದಿಯೋ?

ಬೆಂಗಳೂರಿನ ಚಿಕ್ಕಪೇಟೆಯಲ್ಲಿ ವಲಯ ನಿಯಮ (ಎಲ್ಲಿ ಏನು, ಎಷ್ಟು ಎತ್ತರ ಕಟ್ಟಬಹುದೆಂಬ ನಿಯಮ) ಬದಲಿಸಿ, ಕೆಳಗೆ ಅಂಗಡಿ, ಮೇಲೆ ಮನೆಗಳಿರುವ ಎತ್ತರದ ಕಟ್ಟಡಗಳಿಗೆ ಅವಕಾಶ ಕೊಡಬೇಕೇ, ಬೀದಿಗಳನ್ನು ನಡೆಯುವವರಿಗೆ ಬಿಡಬೇಕೇ ಎಂದು ಕೇಳಿದ್ದೀರಿ.

ಖರ್ಚು ನೋಡಿದರೆ ಪಾದಚಾರಿ ಬೀದಿಯೇ ಹಗುರ. ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನ ತಡೆದು ನೋಡಿದರು. ಸರಿಬರದಿದ್ದರೆ ಹಿಂತೆಗೆಯಬಹುದು, ಎದ್ದು ನಿಂತ ಕಟ್ಟಡವನ್ನು ಹಾಗೆ ಮಾಡಲಾಗದು. ಆದರೆ ಚಿಕ್ಕಪೇಟೆ ಸಗಟು ಪೇಟೆ. ಸರಕು ಇಳಿಸಲು ಮುಂಜಾನೆಯ ಹೊತ್ತು ಬಿಡದಿದ್ದರೆ ಹಮಾಲರ ದುಡಿಮೆಗೇ ಪೆಟ್ಟು.

ಎತ್ತರದ ವಿಷಯದಲ್ಲಿ ಸುರಕ್ಷತೆಯೇ ಮೊದಲು. ಅಗ್ನಿಶಾಮಕ ವಾಹನ ನುಗ್ಗದ ಓಣಿಯಲ್ಲಿ ಅದು ಬೇಡವೇ ಬೇಡ. ಬಾಡಿಗೆ ಏರಿ ಹಳೆಯ ಅಂಗಡಿಗಳು ಚದುರುವ ಭಯವೂ ನನಗಿದೆ. ಮೆಟ್ರೊ ನಿಲ್ದಾಣದ ಹತ್ತಿರ, ಅಗಲ ರಸ್ತೆಗೆ ಮುಖಮಾಡಿದ ನಿವೇಶನಗಳಿಗೆ ಎತ್ತರ ಒಪ್ಪುತ್ತದೆ. ಅಲ್ಲಿ ವಾಸಿಸುವವರಿಗೆ ಕಾರಿನ ಹಂಗಿಲ್ಲ. ಒಳ ಓಣಿಗಳಿಗೆ ನಡಿಗೆಯೇ ಸರಿ.