ಪಾಪಾಸುಕಳ್ಳಿ ಹಣ್ಣು: ಕೆಂಪೋ, ಹಳದಿಯೋ, ಬಿಳಿಯೋ?

ಮೂರರಲ್ಲಿ ಆರೋಗ್ಯಕ್ಕೆ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಮೊದಲು ಬಣ್ಣ ನೋಡೋಣ, ದೊಡ್ಡ ವ್ಯತ್ಯಾಸ ಇರುವುದು ಅಲ್ಲೇ.

ಕಡುಗೆಂಪು ಹಣ್ಣು ಕೊಯ್ದರೆ ಬೆರಳೆಲ್ಲ ಬೀಟ್‌ರೂಟ್ ಹೆಚ್ಚಿದ ಹಾಗೆ ಆಗುತ್ತದೆ. ಎರಡರಲ್ಲೂ ಇರುವುದು ಬೆಟಾನಿನ್ ಅನ್ನುವ ಬಣ್ಣ, ಒಳ್ಳೆಯ ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳಿಗೆ ಆಗುವ ಹಾನಿ ತಡೆಯುವ ವಸ್ತು. ಹಳದಿಯಲ್ಲಿ ಇಂಡಿಕಾಕ್ಸಾಂಥಿನ್ ಅನ್ನುವ ಹಳದಿ ಬಣ್ಣ ಜಾಸ್ತಿ. ಇದು ಬೆಟಾನಿನ್‌ಗಿಂತ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಹಾಗಾಗಿ ಕೆಂಪೇ ಮೇಲು ಅಂತ ಸುಮ್ನೆ ಹೇಳಲಾಗದು. ಬಿಳಿಯಲ್ಲಿ ಎರಡೂ ತೀರಾ ಕಡಿಮೆ.

ನಾರು, ವಿಟಮಿನ್ ಸಿ, ಮೆಗ್ನೀಸಿಯಂ ಮೂರರಲ್ಲೂ ಸಿಗುತ್ತವೆ.

ಆಂಟಿಆಕ್ಸಿಡೆಂಟ್‌ಗಾಗಿ ತಿನ್ನುವವರು ಕೆಂಪು ಅಥವಾ ಹಳದಿ ಆರಿಸಿ, ಹಸಿಯಾಗೇ ತಿನ್ನಿ. ಕುದಿಸಿದರೆ ಈ ಬಣ್ಣಗಳು ಹಾಳಾಗುತ್ತವೆ. ಕೆಂಪು ತಿಂದ ಮೇಲೆ ಕೆಲವರಿಗೆ ಮೂತ್ರವೂ ಕೆಂಪಗಾಗಬಹುದು, ಅದು ಹಣ್ಣಿನ ಬಣ್ಣ. ನಾರಿನಂಶ ಸಾಕು, ಬಟ್ಟೆಗೆ ಕಲೆ ಬೇಡ ಅನ್ನುವವರಿಗೆ ಬಿಳಿ ಚೆನ್ನ.

ಬೀಜ ಮಾತ್ರ ಮೂರರಲ್ಲೂ ಗಟ್ಟಿ. ಮಲಬದ್ಧತೆ ಇರುವವರು ರಸ ಸೋಸಿ ಕುಡಿಯುವುದೇ ಒಳ್ಳೆಯದು. ಸಕ್ಕರೆ ಕಾಯಿಲೆ ಇದ್ದರೆ ಯಾವ ಬಣ್ಣವಾದರೂ ಅಳತೆ ಇರಲಿ, ಮಾತ್ರೆಯ ಬದಲಿಗೆ ಇದನ್ನು ನಂಬಬೇಡಿ. ಸಿಪ್ಪೆಯ ಸಣ್ಣ ಮುಳ್ಳು ಕಣ್ಣಿಗೆ ಕಾಣುವುದೇ ಕಷ್ಟ, ಬರಿಗೈಲಿ ಮುಟ್ಟಲೇಬೇಡಿ.