ಎಂಟೂ ದೀಪ ಉರಿದರೂ ಕೇಬಲ್ ಸರಿ ಅಂತಲ್ಲ: ನೆಟ್‌ವರ್ಕ್ ಕಾರ್ಡ್ ಬದಲಿಸುವ ಮುನ್ನ ಓದಿ

ಮನೆಯಲ್ಲಿ ಸಣ್ಣ ಸರ್ವರ್ ಇಟ್ಟುಕೊಂಡವರು, ಅದಕ್ಕೆಂದು ಗೋಡೆಯೊಳಗೆ ಕೇಬಲ್ ಎಳೆಸಲು ಹೊರಟವರು ಗಮನಿಸಿ. ಕೇಬಲ್ ಎಳೆದವರೇ ಬಂದು, ಪುಟ್ಟ ಟೆಸ್ಟರ್ ಒಂದನ್ನು ತೋರಿಸಿ, "ನಮ್ಮ ಕೇಬಲ್ ಪಕ್ಕಾ ಇದೆ, ನಿಮ್ಮ ನೆಟ್‌ವರ್ಕ್ ಕಾರ್ಡೇ ಹೋಗಿದೆ" ಅಂದರೆ ಕೂಡಲೇ ಹೂಂ ಅನ್ನಬೇಡಿ. ನನಗೆ ಹೀಗೆ ಹೇಳಿಯೇ ಬೇಡದ ಕಾರ್ಡೊಂದನ್ನು ತಲೆಗೆ ಕಟ್ಟಿದರು. ತೊಂದರೆ ಇದ್ದದ್ದು ಅವರ ಕೈಯಾರೆ ಒತ್ತಿ ಕೂರಿಸಿದ ಕನೆಕ್ಟರ್‌ನಲ್ಲಿ.

ಸರ್ವರ್ ಅಂದರೆ ಭಾರೀ ಯಂತ್ರವೇನಲ್ಲ. ಹಳೆಯ ಡೆಸ್ಕ್‌ಟಾಪ್‌ಗೆ ಒಂದಷ್ಟು ಹಾರ್ಡ್ ಡಿಸ್ಕ್ ಸೇರಿಸಿ ಡೆಬಿಯನ್ ಲಿನಕ್ಸ್ ಹಾಕಿದ್ದೇನೆ. ಮನೆಮಂದಿಯ ಫೋಟೊ, ವಿಡಿಯೊ, ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಎಲ್ಲ ಅದರಲ್ಲೇ. ಮೊದಲು ನೆಟ್‌ವರ್ಕ್ ಸ್ವಿಚ್ (ಮನೆಯ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಪಕ್ಕದಲ್ಲೇ ಕೂತಿತ್ತು. ಫ್ಯಾನ್ ಸದ್ದು ತಾಳಲಾರದೆ ಇನ್ನೊಂದು ಕೋಣೆಗೆ ಸಾಗಿಸಿದ್ದಾಯಿತು, ಅದಕ್ಕಾಗಿ ಗೋಡೆಯ ಪೈಪಿನಲ್ಲಿ ಹೊಸ ಕೇಬಲ್. ಕೆಲಸ ಹಿಡಿದವರು ಬಿಲ್ಲಿನಲ್ಲಿ ಕ್ಯಾಟ್ 6 (ನೆಟ್‌ವರ್ಕ್ ಕೇಬಲ್ಲಿನ ಒಂದು ದರ್ಜೆ) ಅಂತ ಬರೆದರು, ಕೇಬಲ್ ಮೈಮೇಲೂ ಹಾಗೇ ಅಚ್ಚಾಗಿತ್ತು.

ಅಲ್ಲಿಂದ ಶುರು. ರಾತ್ರಿ ಹೊರಟರೆ ಬೆಳಕು ಹರಿಯುವ ಮುನ್ನ ಮುಗಿಯುತ್ತಿದ್ದ ಬ್ಯಾಕಪ್ ಮಧ್ಯಾಹ್ನವಾದರೂ ತೆವಳುತ್ತಿತ್ತು. ಒಂದು ದೊಡ್ಡ ವಿಡಿಯೊ ಫೈಲ್ ಕಾಪಿಗೆ ಹಾಕಿದರೆ ಸೆಕೆಂಡಿಗೆ 11 ಮೆಗಾಬೈಟ್ ಆಸುಪಾಸು, ಅದಕ್ಕಿಂತ ಒಂದಿಷ್ಟೂ ಮೇಲೇಳದು. ಈ ಅಂಕಿ ಕಂಡರೆ ಡಿಸ್ಕನ್ನು ಬೈಯುವ ಅಗತ್ಯವಿಲ್ಲ. 100 ಮೆಗಾಬಿಟ್ ಲಿಂಕ್‌ನಲ್ಲಿ ಹೆಡರ್‌ಗಳ ಪಾಲು ಕಳೆದು ಕೈಗೆ ಸಿಗುವುದೇ 94 ಮೆಗಾಬಿಟ್, ಅಂದರೆ (ಎಂಟು ಬಿಟ್ ಸೇರಿ ಒಂದು ಬೈಟ್) ಹನ್ನೊಂದು ಚಿಲ್ಲರೆ ಮೆಗಾಬೈಟ್. ಗಿಗಾಬಿಟ್ ಲಿಂಕ್ ಸರಿಯಾಗಿದ್ದರೆ 941 ಮೆಗಾಬಿಟ್‌ವರೆಗೆ, ಅಂದರೆ 110 ಮೆಗಾಬೈಟ್ ದಾಟಬೇಕು. ಒಂದು ಟೆರಾಬೈಟ್ ಸಾಗಿಸಲು ಗಿಗಾಬಿಟ್ ಆದರೆ ಎರಡೂವರೆ ಗಂಟೆ, 100 ಮೆಗಾಬಿಟ್ ಆದರೆ ಹೆಚ್ಚುಕಡಿಮೆ ಒಂದಿಡೀ ದಿನ.

ಲಿನಕ್ಸ್‌ನಲ್ಲಿ ಈಥ್‌ಟೂಲ್ ಕಮಾಂಡಿಗೆ ಕಾರ್ಡಿನ ಹೆಸರು ಕೊಟ್ಟು ನೋಡಿದೆ. ಸ್ಪೀಡ್ 100, ಡುಪ್ಲೆಕ್ಸ್ ಫುಲ್ (ಎರಡೂ ದಿಕ್ಕಿಗೆ ಏಕಕಾಲಕ್ಕೆ ಡೇಟಾ), ಆಟೋ ನೆಗೋಶಿಯೇಶನ್ (ಎರಡು ತುದಿಗಳು ತಾವೇ ವೇಗ ಮಾತಾಡಿಕೊಳ್ಳುವುದು) ಆನ್. ಜನ ಇಷ್ಟು ನೋಡಿ ಕಿಟಕಿ ಮುಚ್ಚಿಬಿಡುತ್ತಾರೆ, ಉಪಯೋಗದ ಮಾಹಿತಿ ಇರುವುದು ಮೇಲಿನ ಸಾಲುಗಳಲ್ಲಿ. ನಮ್ಮ ಕಾರ್ಡ್ ಯಾವ ಯಾವ ವೇಗಕ್ಕೆ ಸಿದ್ಧ, ಆ ತುದಿಯ ಸ್ವಿಚ್ ಯಾವುದಕ್ಕೆ ಸಿದ್ಧ ಎಂದು ಎರಡು ಪಟ್ಟಿ ಇರುತ್ತವೆ. ನನ್ನಲ್ಲಿ ಎರಡರಲ್ಲೂ 1000 ಇತ್ತು. ಎರಡೂ ಕಡೆಯವರು ಗಿಗಾಬಿಟ್ ಮಾತಾಡುತ್ತೇವೆ ಎಂದು ಒಪ್ಪಿಕೊಂಡು, ಕೊನೆಗೆ 100ಕ್ಕೆ ಕೂತಿದ್ದಾರೆ ಅಂದರೆ ನಡುವಿನ ದಾರಿಯಲ್ಲೇ ಏನೋ ಕೈಕೊಟ್ಟಿದೆ. ಕರ್ನಲ್ ಲಾಗ್ (ಲಿನಕ್ಸ್ ತಾನೇ ಬರೆದಿಡುವ ದಾಖಲೆ) ತೆರೆದರೆ ಇದೇ ಮಾತು ಇನ್ನೂ ಬಿಡಿಸಿ ಬರೆದಿತ್ತು: ಮಾತಾದ ವೇಗ 1 ಗಿಗಾಬಿಟ್, ನಿಜವಾಗಿ ಸಿಕ್ಕಿದ್ದು 100 ಮೆಗಾಬಿಟ್, ಕೊನೆಯಲ್ಲಿ ಆಶ್ಚರ್ಯಸೂಚಕ ಸಮೇತ "ಚೆಕ್ ಕೇಬ್ಲಿಂಗ್!"

ಹೀಗೇಕೆ ಆಗುತ್ತದೆಂದರೆ, ಕೇಬಲ್ಲಿನ ಎಂಟು ತಂತಿ ನಾಲ್ಕು ಜೋಡಿಗಳಾಗಿ ಕನೆಕ್ಟರಿನ ಎಂಟು ಪಿನ್ನುಗಳಿಗೆ ಸೇರಿರುತ್ತವೆ. ಎರಡು ತುದಿಗಳು ವೇಗದ ಮಾತುಕತೆ ನಡೆಸುವುದು 1-2 ಮತ್ತು 3-6 ಪಿನ್ನುಗಳ ಮೇಲೆ. 100 ಮೆಗಾಬಿಟ್‌ಗೂ ಅವೇ ಎರಡು ಜೋಡಿ ಸಾಕು. ಗಿಗಾಬಿಟ್ ಹಾಗಲ್ಲ. 1999ರಲ್ಲಿ ಬಂದ ಆ ಮಾನದಂಡ ನಾಲ್ಕೂ ಜೋಡಿಗಳನ್ನು ಬಳಸುತ್ತದೆ, ಪ್ರತಿ ಜೋಡಿಯ ಮೇಲೆ ಎರಡೂ ದಿಕ್ಕಿಗೆ ಏಕಕಾಲಕ್ಕೆ 250 ಮೆಗಾಬಿಟ್. ಮಾತುಕತೆ ಮುಗಿದು ಗಿಗಾಬಿಟ್ ಕಟ್ಟಲು ಹೋದಾಗ ಒಂದೇ ಒಂದು ಜೋಡಿ ಸಹಕರಿಸದಿದ್ದರೂ ಸಾಕು, ಚಿಪ್ ಕೆಲವು ಸಲ ಹೆಣಗಿ, ಆಗದೆಂದು ಕೈಬಿಟ್ಟು 100ಕ್ಕೆ ಇಳಿಯುತ್ತದೆ. ನೆಟ್ ನಡೆಯುತ್ತಿರುತ್ತದೆ, ವಿಡಿಯೊ ನಿಲ್ಲುವುದಿಲ್ಲ, ಹಾಗಾಗಿ ಎಷ್ಟೋ ಮನೆಗಳಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ.

ಲಾಗ್‌ನ ಆ ಸಾಲನ್ನೇ ಫೋಟೊ ತೆಗೆದು ಕಳಿಸಿದೆ. ವೈರಿಂಗ್‌ನವರು ಬಂದರು. ಅವರ ವಾದ ಇಷ್ಟು: "ಸರ್, ಕೇಬಲ್ ಕೆಟ್ಟಿದ್ರೆ ನೆಟ್ಟೇ ಬರ್ತಿರ್ಲಿಲ್ಲ. ಬರ್ತಿದೆ ಅಂದ್ಮೇಲೆ ಕೇಬಲ್ ಓಕೆ." ಆಮೇಲೆ ಟೆಸ್ಟರ್ ತೆಗೆದು ಎರಡೂ ತುದಿಗೆ ಸಿಕ್ಕಿಸಿದರು. ಒಂದರಿಂದ ಎಂಟರವರೆಗೆ ಹಸಿರು ದೀಪ ಒಂದಾದ ಮೇಲೊಂದು ಮಿಣುಕಿದವು. "ನೋಡಿ, ಎಂಟೂ ಉರೀತಿದೆ." ಕಾರ್ಡ್ ಬದಲಿಸಿದರೆ ಸರಿಹೋಗುತ್ತದೆ, ಬದಲಿಸದಿದ್ದರೆ ಮುಂದಿನದು ತಮ್ಮ ಜವಾಬ್ದಾರಿಯಲ್ಲ ಎಂದು ಖಡಾಖಂಡಿತ ಹೇಳಿ, ಮರುದಿನ ತಾವೇ ಒಂದು ಕಾರ್ಡ್ ತಂದು ಹಾಕಿ ಬಿಲ್ ಕೈಗಿಟ್ಟರು.

ಇಲ್ಲಿ ಒಂದು ತಮಾಷೆ ನಡೆಯಿತು. ಹೊಸ ಕಾರ್ಡ್ ಹಾಕಿದ ಕೂಡಲೇ ಲಿಂಕ್ 1000 ಅಂತ ತೋರಿಸಿತು! ಅವರ ಮುಖದಲ್ಲಿನ ಗೆಲುವು ನೋಡಬೇಕಿತ್ತು. ನಾನೂ ಬಾಯಿ ಮುಚ್ಚಿಕೊಂಡೆ. ಒಂದೊಂದು ಚಿಪ್ಪಿನ ತಾಳಿಕೆ ಒಂದೊಂದು ಥರ. ಒಂದು ಕೈಚೆಲ್ಲುವ ಕೇಬಲ್ಲಿನಲ್ಲಿ ಇನ್ನೊಂದು ಹೇಗೋ ಲಿಂಕ್ ಹಿಡಿದುಕೊಳ್ಳುತ್ತದೆ. ಆದರೆ ಲಿಂಕ್ 1000 ಅಂದಮಾತ್ರಕ್ಕೆ ಡೇಟಾ ಆ ವೇಗದಲ್ಲಿ ಹರಿಯುತ್ತದೆ ಎಂದೇನಿಲ್ಲ. ಅವರು ಹೋದ ಮೇಲೆ ಕಾಪಿ ಹಾಕಿದರೆ ಒಮ್ಮೆ 80, ಒಮ್ಮೆ 15, ಮಧ್ಯೆ ಸೊನ್ನೆ. ರಾತ್ರಿ ಬ್ಯಾಕಪ್ ಹೊತ್ತಿಗೆ ಲಿಂಕ್ ಬಿದ್ದು, ಎದ್ದು, ಮತ್ತೆ 100ಕ್ಕೇ ಬಂದಿತ್ತು.

ಆಗ ನೋಡಬೇಕಾದ್ದು ಕಾರ್ಡಿನ ಎಣಿಕೆಗಳನ್ನು. ಈಥ್‌ಟೂಲ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ಸಿಆರ್‌ಸಿ ಎರರ್ ಎಂಬ ಸಾಲು ಹುಡುಕಿ (ಡ್ರೈವರ್‌ನಿಂದ ಡ್ರೈವರ್‌ಗೆ ಹೆಸರು ಕೊಂಚ ಬೇರೆಯಾಗುತ್ತದೆ). ಬಂದ ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿದ್ದರೆ ಇಲ್ಲಿ ಲೆಕ್ಕ ಸೇರುತ್ತದೆ. ಒಳ್ಳೆಯ ಕೇಬಲ್ಲಿನಲ್ಲಿ ತಿಂಗಳಾದರೂ ಇದು ಸೊನ್ನೆಯಲ್ಲೇ ಇರಬೇಕು. ನನ್ನಲ್ಲಿ ಕಣ್ಣೆದುರೇ ಏರುತ್ತಿತ್ತು. ಒಂದು ವಿಷಯ ನೆನಪಿರಲಿ: ಕಾರ್ಡ್ ತಾನು ಪಡೆದದ್ದನ್ನು ಮಾತ್ರ ಎಣಿಸಬಲ್ಲದು. ಅದು ಕಳಿಸಿದ್ದು ಕೆಟ್ಟರೆ ಗೊತ್ತಾಗುವುದು ಆ ತುದಿಯ ಸ್ವಿಚ್‌ಗೆ. ಅದಕ್ಕೇ ನೆಟ್‌ವರ್ಕಿನ ವೇಗ ಅಳೆಯುವ ಐಪರ್ಫ್ 3 ಎಂಬ ಪ್ರೋಗ್ರಾಮನ್ನು ಎರಡೂ ದಿಕ್ಕಿನಲ್ಲಿ ಓಡಿಸಿ, ಮರಳಿ ಕಳಿಸಿದ ಪ್ಯಾಕೆಟ್‌ಗಳ ಕಾಲಂ ಕೂಡ ನೋಡಬೇಕು. ಡಿಸ್ಕ್ ನಿಧಾನವೋ ನೆಟ್‌ವರ್ಕ್ ನಿಧಾನವೋ ಎಂಬ ಜಗಳವೂ ಇದರಿಂದ ತೀರುತ್ತದೆ, ಏಕೆಂದರೆ ಐಪರ್ಫ್ ಡಿಸ್ಕನ್ನು ಮುಟ್ಟುವುದೇ ಇಲ್ಲ.

ಮುಂದಿನದು ಮೈಮುರಿಯುವ ಕೆಲಸ. ಸರ್ವರನ್ನು ಹೊತ್ತು ತಂದು ಸ್ವಿಚ್ ಪಕ್ಕ ಇಟ್ಟು, ಕಾರ್ಖಾನೆಯಲ್ಲೇ ಕನೆಕ್ಟರ್ ಕೂರಿಸಿ ಬಂದ ಗಿಡ್ಡ ಪ್ಯಾಚ್ ಕೇಬಲ್ ಹಾಕಿದೆ. "ಕೆಟ್ಟುಹೋಗಿದ್ದ" ಹಳೆಯ ಕಾರ್ಡ್ 1000ಕ್ಕೆ ಲಿಂಕಾಗಿ, ಐಪರ್ಫ್‌ನಲ್ಲಿ 941 ಕೊಟ್ಟಿತು. ಹೊಸದೂ ಅಷ್ಟೇ ಕೊಟ್ಟಿತು. ವಾದ ಅಲ್ಲಿಗೆ ಮುಗಿಯಬೇಕಿತ್ತು. ಫೋನಿನಲ್ಲಿ ತಿಳಿಸಿದರೆ ಅವರು ಇನ್ನೊಂದು ಮದ್ದು ಹೇಳಿದರು: "ಆಟೋ ತೆಗೆದು 100 ಫುಲ್ ಅಂತ ಫಿಕ್ಸ್ ಮಾಡಿಬಿಡಿ, ಸ್ಟೇಬಲ್ ಆಗುತ್ತೆ." ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಒಂದು ತುದಿಯಲ್ಲಿ ಮಾತುಕತೆ ನಿಲ್ಲಿಸಿದರೆ, ಇನ್ನೊಂದು ತುದಿ ವೇಗವನ್ನೇನೋ ಗುರುತಿಸುತ್ತದೆ, ಡುಪ್ಲೆಕ್ಸ್ ಗೊತ್ತಾಗದೆ ಹಾಫ್‌ಗೆ ಬೀಳುತ್ತದೆ. ಒಬ್ಬ ಫುಲ್, ಒಬ್ಬ ಹಾಫ್ (ಒಮ್ಮೆಗೆ ಒಂದೇ ದಿಕ್ಕು); ಪಿಂಗ್ (ಪುಟ್ಟ ಪ್ಯಾಕೆಟ್ ಕಳಿಸಿ ನೋಡುವ ಪರೀಕ್ಷೆ) ಚೆನ್ನಾಗಿರುತ್ತದೆ, ದೊಡ್ಡ ಫೈಲ್ ಮಾತ್ರ ಇದ್ದ ವೇಗವನ್ನೂ ಕಳೆದುಕೊಳ್ಳುತ್ತದೆ. ತಾಮ್ರದ ಮೇಲಿನ ಗಿಗಾಬಿಟ್‌ಗಂತೂ ಆಟೋ ನೆಗೋಶಿಯೇಶನ್ ಕಡ್ಡಾಯ, ಆಫ್ ಮಾಡುವ ಪ್ರಶ್ನೆಯೇ ಇಲ್ಲ.

ಕೊನೆಗೆ ಟಾರ್ಚ್ ಹಿಡಿದು ಗೋಡೆಯ ಕೇಬಲ್ ತುದಿಯ ಕನೆಕ್ಟರ್ ನೋಡಿದೆ. ಪ್ಲಾಸ್ಟಿಕ್ ಪಾರದರ್ಶಕ, ಒಳಗಿನ ಬಣ್ಣಗಳು ಸಾಲಾಗಿ ಕಾಣುತ್ತವೆ. ಲಾಚ್ (ಒತ್ತಿ ಬಿಡಿಸುವ ಕೊಕ್ಕೆ) ಕೆಳಗೆ ಮಾಡಿ ಎಡದಿಂದ ಓದಿದರೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ನೋಡಲು ಎಷ್ಟು ಅಚ್ಚುಕಟ್ಟು! ಆ ತುದಿಯಲ್ಲೂ ಇದೇ ಸಾಲು. ತೊಂದರೆ ಇದೇ.

ತಂತಿಗಳನ್ನು ಕೂರಿಸಲು ಟಿ568ಬಿ ಎಂಬ ಮಾನದಂಡವಿದೆ. ಆ ಕ್ರಮದಲ್ಲಿ ಮೂರನೆಯದು ಬಿಳಿ-ಹಸಿರು, ನಾಲ್ಕನೆಯದು ನೀಲಿ, ಐದನೆಯದು ಬಿಳಿ-ನೀಲಿ, ಆರನೆಯದು ಹಸಿರು. ಹಸಿರು ಜೋಡಿ 3 ಮತ್ತು 6ರಲ್ಲಿ ಕಾಲು ಚಾಚಿ ಕೂರಬೇಕು, ನೀಲಿ ಜೋಡಿ ಅದರ ನಡುವೆ. ಕೇಬಲ್ಲಿನೊಳಗೆ ಎರಡೆರಡು ತಂತಿ ಹೆಣೆದುಕೊಂಡಿರುವುದು ಅಂದಕ್ಕಲ್ಲ. ಸಿಗ್ನಲ್ ಎಂದರೆ ಆ ಎರಡು ತಂತಿಗಳ ನಡುವಿನ ವ್ಯತ್ಯಾಸ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಗುಲಿದರೆ ವ್ಯತ್ಯಾಸ ತೆಗೆಯುವಾಗ ಅದು ಕಳೆದುಹೋಗುತ್ತದೆ. ಬಣ್ಣಗಳನ್ನು ಬರೀ ಸಾಲಾಗಿ ಕೂರಿಸಿದಾಗ 3-6ರ ಸಿಗ್ನಲ್ ಬಿಳಿ-ಹಸಿರು ಮತ್ತು ನೀಲಿ ತಂತಿಗಳ ಮೇಲೆ, 4-5ರದ್ದು ಹಸಿರು ಮತ್ತು ಬಿಳಿ-ನೀಲಿ ಮೇಲೆ ಹೋಗುತ್ತದೆ. ಜೋಡೆತ್ತುಗಳನ್ನು ಬಿಡಿಸಿ ಒಂದೊಂದನ್ನು ಒಂದೊಂದು ಗಾಡಿಗೆ ಹೂಡಿದ ಹಾಗೆ. ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರುತ್ತದೆ, ಕೇಬಲ್ ಉದ್ದವಾದಷ್ಟೂ ಜಾಸ್ತಿ. ಇದಕ್ಕೆ ಸ್ಪ್ಲಿಟ್ ಪೇರ್ ಎನ್ನುತ್ತಾರೆ. ಟೆಸ್ಟರ್‌ಗೆ ಇದು ಕಾಣುವುದೇ ಇಲ್ಲ, ಯಾಕೆಂದರೆ ಈ ತುದಿಯ 3 ಆ ತುದಿಯ 3ಕ್ಕೆ, 4 ಆ ತುದಿಯ 4ಕ್ಕೆ ಸೇರಿವೆ. ತಂತಿ ತುಂಡಾಗಿಲ್ಲ, ಅದಲುಬದಲಾಗಿಲ್ಲ ಎಂಬುದನ್ನಷ್ಟೇ ಆ ದೀಪಗಳು ಹೇಳುತ್ತವೆ. ಜೋಡಿ ಜೋಡಿಯ ನಡುವಿನ ಸೋರಿಕೆ ಅಳೆಯಲು ಬೇರೆಯದೇ ಉಪಕರಣ ಬೇಕು. ಅದು ದುಬಾರಿ, ಸಣ್ಣಪುಟ್ಟ ವೈರಿಂಗ್‌ನವರ ಬಳಿ ಇರುವುದಿಲ್ಲ.

ಕನೆಕ್ಟರ್ ಕತ್ತರಿಸಿದಾಗ ಇನ್ನೊಂದು ಬಂಡವಾಳ ಬಯಲಾಯಿತು. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದರೆ ಕೆಂಪು ಹೋಗಿ ಬೆಳ್ಳಗೆ ಹೊಳೆಯಿತು. ತಾಮ್ರದ ಲೇಪ ಮೇಲೆ, ಒಳಗೆಲ್ಲ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಶೇ. 60ರಷ್ಟು, ಎರಡು ಸಲ ಬಗ್ಗಿಸಿದರೆ ಮುರಿಯುವ ಸ್ವಭಾವ. ಇಂಥದ್ದು ಕ್ಯಾಟ್ 5ಇ ಅಥವಾ 6ರ ಮಾನದಂಡಕ್ಕೆ ಒಪ್ಪುವುದಿಲ್ಲ, ಮೈಮೇಲೆ ಏನೇ ಅಚ್ಚಾಗಿರಲಿ. ಕೇಬಲ್ ಮೂಲಕವೇ ಕ್ಯಾಮೆರಾಗೆ ವಿದ್ಯುತ್ ಕೊಡುವವರಿಗಂತೂ ತಂತಿ ಬಿಸಿಯಾಗುವ ಅಪಾಯವೂ ಇದೆ. ಚಪ್ಪಟೆ, ತೆಳ್ಳನೆಯ, "ಕ್ಯಾಟ್ 8" ಎಂಬ ಹಣೆಪಟ್ಟಿಯ ಕೇಬಲ್‌ಗಳ ಬಗ್ಗೆಯೂ ನನಗೆ ಇದೇ ಗುಮಾನಿ. ನಿಜವಾದ ಕ್ಯಾಟ್ 8 ಡೇಟಾ ಸೆಂಟರ್‌ಗಳಲ್ಲಿ 30 ಮೀಟರ್ ಒಳಗಿನ ಓಟಕ್ಕೆಂದು ಮಾಡಿದ ದಪ್ಪನೆಯ, ಕವಚವಿರುವ ಕೇಬಲ್. ಮನೆಗೆ ಅಸಲಿ ತಾಮ್ರದ ಕ್ಯಾಟ್ 6 ಧಾರಾಳ ಸಾಕು.

ಎರಡೂ ತುದಿ ಟಿ568ಬಿ ಕ್ರಮದಲ್ಲಿ ಕ್ರಿಂಪ್ ಮಾಡಿದ (ಹೊಸ ಕನೆಕ್ಟರ್ ಒತ್ತಿ ಕೂರಿಸಿದ) ಮೇಲೆ ಹಳೆಯ ಕಾರ್ಡ್ ಒಂದೇ ಏಟಿಗೆ 1000 ಹಿಡಿದು ನಿಂತಿತು, ಸಿಆರ್‌ಸಿ ಎಣಿಕೆ ಅಲುಗಾಡಲಿಲ್ಲ. ಆದರೂ ಆ ಅಲ್ಯೂಮಿನಿಯಂ ಮೇಲೆ ಭರವಸೆಯಿಲ್ಲದೆ ಬೇರೆಯವರಿಂದ ತಾಮ್ರದ್ದೇ ಎಳೆಸಿದೆ. ಮೊದಲಿನವರು ಕಾರ್ಡ್ ವಾಪಸ್ ತೆಗೆದುಕೊಳ್ಳಲಿಲ್ಲ. "ಪ್ಯಾಕ್ ಒಡೆದಿದೆ ಸರ್" ಅಂತೆ. ಒಡೆದವರು ಯಾರು ಎಂದು ಕೇಳಿದ್ದಕ್ಕೆ ಫೋನ್ ಇಟ್ಟರು.

ಕಾರ್ಡ್ ಎಂದೂ ಕೆಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸರ್ವರ್‌ಗಳಿಂದ ಕಳಚಿದ ಹಳೆಯ 10 ಗಿಗಾಬಿಟ್ ಕಾರ್ಡ್ ಕೊಳ್ಳುವವರಿಗೆ ಬೇರೆ ಬಲೆಗಳೇ ಇವೆ. ಇಂಟೆಲ್ ಎಕ್ಸ್540 ಥರದ ಕಾರ್ಡುಗಳಿಗೆ 10 ಗಿಗಾಬಿಟ್, 1 ಗಿಗಾಬಿಟ್ ಮತ್ತು 100 ಮೆಗಾಬಿಟ್ ಗೊತ್ತು, 2.5 ಗಿಗಾಬಿಟ್ ಗೊತ್ತಿಲ್ಲ. 2.5 ಗಿಗಾಬಿಟ್‌ನ 2016ರ ಮಾನದಂಡ ಬರುವ ಮೊದಲಿನ ತಲೆಮಾರು ಅದು. 2.5ರ ಸ್ವಿಚ್‌ಗೆ ಹಾಕಿದರೆ ಸುಮ್ಮನೆ 1ಕ್ಕೆ ಇಳಿಯುತ್ತದೆ, ಅಲ್ಲಿ ಯಾರ ಕೇಬಲ್ಲನ್ನೂ ದೂರಬೇಡಿ. ಎಕ್ಸ್550ಗೆ 2.5 ಗೊತ್ತಿದ್ದರೂ ಲಿನಕ್ಸ್ ಡ್ರೈವರ್ ಅದನ್ನು ತಾನಾಗಿ ಘೋಷಿಸುವುದಿಲ್ಲ, ಈಥ್‌ಟೂಲ್‌ನಿಂದ ಹೇಳಿಸಬೇಕು. ಕಾರ್ಡ್ ಸಿಕ್ಕಿಸುವ ಸ್ಲಾಟ್ ಉದ್ದವಿದ್ದರೂ ಒಳಗೆ ಒಂದೇ ಲೇನ್ (ಡೇಟಾ ಸಾಗುವ ದಾರಿ) ಇರಬಹುದು. ಎರಡನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿಗೆ ಒಂದೇ ಲೇನ್ ಸಿಕ್ಕಿದರೆ 4 ಗಿಗಾಬಿಟ್‌ಗೇ ಕೊನೆ. ಎಲ್‌ಎಸ್‌ಪಿಸಿಐ ಕಮಾಂಡಿನ ವಿವರದಲ್ಲಿ ಕಾರ್ಡಿನ ಸಾಮರ್ಥ್ಯ ಮತ್ತು ಈಗ ಸಿಕ್ಕಿರುವ ಲಿಂಕ್ ಹತ್ತಿರದ ಸಾಲುಗಳಲ್ಲಿ ಸಿಗುತ್ತವೆ.

ಕೇಬಲ್ ಎಳೆಸುವವರು ಇಷ್ಟು ಮಾಡಿ: ಪೈಪಿಗೆ ಹಾಕುವ ಮುನ್ನ ರೋಲಿನ ತುದಿಯನ್ನು ಕೆರೆದು ನೋಡಿ. ಕ್ರಿಂಪ್ ಆದ ಮೇಲೆ ಬಣ್ಣ ಓದಿ, ಹಸಿರು ಮತ್ತು ಬಿಳಿ-ಹಸಿರು ಅಕ್ಕಪಕ್ಕ ಕೂತಿದ್ದರೆ ಅಲ್ಲೇ ನಿಲ್ಲಿಸಿ. ಟಿ568ಎ ಎಂಬ ಇನ್ನೊಂದು ಕ್ರಮವಾದರೆ ಈ ಮಾತು ಕಿತ್ತಳೆ ಜೋಡಿಗೆ ಅನ್ವಯ. ಬಾಕಿ ಹಣ ಕೊಡುವ ಮುನ್ನ ಲ್ಯಾಪ್‌ಟಾಪ್ ಒಂದನ್ನು ಆ ತುದಿಗೆ ಸಿಕ್ಕಿಸಿ ಎರಡೂ ದಿಕ್ಕಿಗೆ ಐದೈದು ನಿಮಿಷ ಐಪರ್ಫ್ ಓಡಿಸಿ, ಎಣಿಕೆಗಳನ್ನು ಅವರ ಎದುರಿಗೇ ತೆರೆದು ತೋರಿಸಿ. ಟೆಸ್ಟರ್‌ನ ದೀಪಗಳನ್ನು ಅವರೇ ನೋಡಿಕೊಳ್ಳಲಿ.