ಕೀವುಗುಳ್ಳೆಗೆ ‘ಎಲ್ಲದಕ್ಕೂ ಆಗುವ ಕ್ರೀಮ್’ ಹಚ್ಚುವ ಮೊದಲು ಟ್ಯೂಬಿನ ಹಿಂಭಾಗ ಓದಿ

ಮಕ್ಕಳ ಮುಖದಲ್ಲೋ ಮೊಣಕಾಲಲ್ಲೋ ಕೀವುಗುಳ್ಳೆ ಎದ್ದಾಗ ಡಾಕ್ಟರ ಚೀಟಿ ಕೇಳದೆ ಮೆಡಿಕಲ್ ಶಾಪಿನವರು ಕೊಡುವ ಮುಲಾಮಿನಲ್ಲಿ ಆಂಟಿಬಯೋಟಿಕ್ ಜೊತೆ ಬಲವಾದ ಸ್ಟಿರಾಯ್ಡ್ ಕೂಡ ಸೇರಿರಬಹುದು. ಅದರಿಂದ ನನ್ನ ಮಗನ ಮುಖಕ್ಕೆ ಏನಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಬೇಸಿಗೆ ರಜೆಗೆ ಮಕ್ಕಳನ್ನು ಊರಿಗೆ ಕಳಿಸುವವರು ದಯವಿಟ್ಟು ಪೂರ್ತಿ ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ.

ಮಗ ತಿಪಟೂರು ಕಡೆಯ ನಮ್ಮೂರಿನಲ್ಲಿ ಅಜ್ಜಿ ತಾತನ ಜೊತೆ ಇದ್ದ. ಮೇ ತಿಂಗಳ ಸೆಕೆ, ಬೆವರು, ತೋಟದ ಸೊಳ್ಳೆ. ಮೂಗಿನ ಕೆಳಗೆ ಸೊಳ್ಳೆ ಕಚ್ಚಿದ್ದನ್ನು ಕೆರೆದುಕೊಂಡು ಗಾಯವಾಗಿ, ನೀರು ಒಸರಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿತು. ನಮ್ಮಪ್ಪ ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ ಹೇಳಿದರೆ, ಅಲ್ಲಿದ್ದವರು “ಇದು ಕಜ್ಜಿ, ತುರಿಕೆ, ಗಾಯ ಎಲ್ಲದಕ್ಕೂ ಆಗುತ್ತೆ ಯಜಮಾನ್ರೇ, ಹಚ್ಚಿ” ಎಂದು ಒಂದು ಟ್ಯೂಬ್ ಕೊಟ್ಟರಂತೆ. ಹಚ್ಚಿದ ಒಂದೆರಡು ದಿನಕ್ಕೇ ಕೆಂಪು ಇಳಿಯಿತು, ತುರಿಕೆ ನಿಂತಿತು. ಫೋನಿನಲ್ಲಿ ಅಮ್ಮ “ಒಳ್ಳೇ ಔಷಧಿ ಕಣೇ, ವಾಸಿಯಾಗ್ತಾ ಇದೆ” ಅಂದರು.

ವಾಸಿಯಾಗುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಹಕ್ಕಳೆ ಕೆನ್ನೆಗೆ, ಗದ್ದಕ್ಕೆ, ಕಿವಿಯ ಹಿಂದಕ್ಕೆ ಹಬ್ಬಿತ್ತು. ಅವನ ಜೊತೆ ಒಂದೇ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ ನಮ್ಮಣ್ಣನ ಮಗಳ ಮೊಣಕೈಯಲ್ಲೂ ಅದೇ ಗುಳ್ಳೆ. ನಾನು ಊರಿಗೆ ಓಡಿದಾಗ ಮಗು ಬಾಯಿ ಅಗಲಿಸಿ ಊಟ ಮಾಡಲಾಗದೆ ಅಳುತ್ತಿದ್ದ. ಆ ಮುಖ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಚರ್ಮದ ಡಾಕ್ಟರು ನೋಡಿದ ಕೂಡಲೇ “ಇಂಪೆಟಿಗೊ” ಅಂದರು. ಸ್ಟಫೈಲೊಕಾಕಸ್ ಆರಿಯಸ್, ಸ್ಟ್ರೆಪ್ಟೊಕಾಕಸ್ ಪಯೋಜೀನ್ಸ್ ಎಂಬ ಬ್ಯಾಕ್ಟೀರಿಯಾಗಳಿಂದ ಬರುವ, ಚರ್ಮದ ಮೇಲ್ಪದರದ ಸೋಂಕು. ಮುಟ್ಟಿದರೆ ಅಂಟುತ್ತದೆ. ಮೊದಲನೆಯದು ಆರೋಗ್ಯವಂತರಲ್ಲೇ ಸುಮಾರು 30% ಜನರ ಮೂಗಿನೊಳಗೆ ಯಾವ ತೊಂದರೆಯನ್ನೂ ಕೊಡದೆ ಇರುತ್ತದೆ. ಮಕ್ಕಳು ಮೂಗಿಗೆ ಬೆರಳು ಹಾಕಿ ಅದೇ ಬೆರಳಲ್ಲಿ ಗಾಯ ಕೆರೆದರೆ ಸಾಕು.

ಆಮೇಲೆ ಡಾಕ್ಟರು ಆ ಟ್ಯೂಬನ್ನು ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಕ್ಲೋಬೆಟಸಾಲ್, ಜೆಂಟಮೈಸಿನ್, ಮೈಕೊನಜೋಲ್. ಮೂರನೆಯದು ಶಿಲೀಂಧ್ರದ ಔಷಧ. ಮಗನ ಮುಖದಲ್ಲಿ ಶಿಲೀಂಧ್ರವೇ ಇರಲಿಲ್ಲ. ಎರಡನೆಯದು ಆಂಟಿಬಯೋಟಿಕ್ ನಿಜ, ಆದರೆ ಸ್ಟ್ರೆಪ್ಟೊಕಾಕಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಮೊದಲನೆಯದೇ ಅಪಾಯದ್ದು. ಕ್ಲೋಬೆಟಸಾಲ್ ಅಂದರೆ ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡುಗಳಲ್ಲಿ ಅತಿ ಬಲವಾದ ಗುಂಪಿನದು. ಕೆಂಪಾಗುವುದು, ಊದುವುದು, ತುರಿಸುವುದು ಎಲ್ಲ ನಮ್ಮ ದೇಹ ಸೋಂಕಿನ ವಿರುದ್ಧ ಹೋರಾಡುವಾಗ ಕಾಣುವ ಗುರುತುಗಳು. ಸ್ಟಿರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ಅದಕ್ಕೇ ಮೊದಲು ಮಂತ್ರ ಹಾಕಿದ ಹಾಗೆ ಕಡಿಮೆಯಾಗಿದ್ದು, ಅದಕ್ಕೇ ಬ್ಯಾಕ್ಟೀರಿಯಾ ಒಳಗೊಳಗೇ ಹರಡಿದ್ದು. ತಿಂಗಳುಗಟ್ಟಲೆ ಹಚ್ಚಿದವರಿಗೆ ಮುಖದ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತದೆ, ಬಾಯಿ ಸುತ್ತ ಮೊಡವೆಯಂಥ ಗುಳ್ಳೆ ಏಳುತ್ತದೆ, ಬಿಟ್ಟರೆ ಮುಖ ಉರಿಯುತ್ತದೆ.

ಕೇಂದ್ರ ಸರ್ಕಾರ 2018ರಲ್ಲೇ ಇಂಥ ಹಚ್ಚುವ ಸ್ಟಿರಾಯ್ಡುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ನಮ್ಮಪ್ಪನಿಗೆ ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟರು. ಹಳ್ಳಿಯ ಹಿರಿಯರು ಕೌಂಟರಿನ ಆಚೆ ನಿಂತವರನ್ನು ಅರ್ಧ ಡಾಕ್ಟರೆಂದೇ ನಂಬುತ್ತಾರೆ. ಆ ನಂಬಿಕೆಗೆ ಮಾಡಿದ ದ್ರೋಹ ಇದು ಅಂತಲೇ ನಾನು ಹೇಳುತ್ತೇನೆ.

ಟ್ಯೂಬಿನ ಹಿಂದೆ ಏನು ಹುಡುಕಬೇಕು? ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವೆಲ್ಲ ಸ್ಟಿರಾಯ್ಡುಗಳು. ‘ಸೋನ್’ ಎಂದು ಮುಗಿಯುವ ಹೆಸರು ಕಂಡರೆ ಕೇಳದೆ ಹಚ್ಚಬೇಡಿ. ಇನ್ನೊಂದು ಮೋಸ ಹೋಗುವ ಜಾಗವಿದೆ. ಶುದ್ಧ ಆಂಟಿಬಯೋಟಿಕ್ ಮುಲಾಮಿನ ಹೆಸರಿಗೇ ಬಾಲದಲ್ಲಿ ಒಂದು ಇಂಗ್ಲಿಷ್ ಅಕ್ಷರ ಸೇರಿಸಿ, ಸ್ಟಿರಾಯ್ಡ್ ಬೆರೆಸಿದ್ದನ್ನೂ ಮಾರುತ್ತಾರೆ. ಪೆಟ್ಟಿಗೆ ನೋಡಲು ಒಂದೇ ಥರ ಇರಬಹುದು. ಡಾಕ್ಟರು ಬರೆದ ಹೆಸರನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ ನೋಡಿ.

ನಮಗೆ ಡಾಕ್ಟರು ಮೊದಲು ಹೇಳಿದ್ದು ಆ ಟ್ಯೂಬ್ ನಿಲ್ಲಿಸಲು. ಎರಡನೆಯದು ಹಕ್ಕಳೆ ತೆಗೆಯಲು. ಒಣಗಿದ ಹಕ್ಕಳೆಯ ಮೇಲೆ ಎಷ್ಟು ಮುಲಾಮು ಬಳಿದರೂ ಬ್ಯಾಕ್ಟೀರಿಯಾ ಇರುವ ಜಾಗಕ್ಕೆ ಸರಿಯಾಗಿ ತಲುಪುವುದಿಲ್ಲ. ಬೆಚ್ಚಗಿನ ನೀರಲ್ಲಿ ನೆನೆಸಿದ ಶುದ್ಧ ಬಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟು, ಮೆತ್ತಗಾದ ಮೇಲೆ ನೋಯಿಸದೆ ಒರೆಸಿ, ಆಮೇಲೆ 2% ಮ್ಯುಪಿರೋಸಿನ್ ಮುಲಾಮನ್ನು ದಿನಕ್ಕೆ ಮೂರು ಸಲ ತೆಳ್ಳಗೆ ಹಚ್ಚಬೇಕಿತ್ತು. ಒಂದೆರಡು ಗುಳ್ಳೆ ಇದ್ದಾಗಲೇ ಬಂದಿದ್ದರೆ ಐದು ದಿನ ಇಷ್ಟೇ ಮಾಡಿದರೆ ಸಾಕಿತ್ತಂತೆ. ಮುಖವೆಲ್ಲ ಹಬ್ಬಿದ್ದರಿಂದ ಬಾಯಿಗೆ ಕುಡಿಯುವ ಆಂಟಿಬಯೋಟಿಕ್ ಕೂಡ ಬೇಕಾಯಿತು. ಅವನ ಟವೆಲ್ಲು, ದಿಂಬಿನ ಕವರು ಬೇರೆ ಮಾಡಿ ಬಿಸಿನೀರಲ್ಲಿ ಒಗೆದೆವು, ಉಗುರು ಕತ್ತರಿಸಿದೆವು. ಔಷಧ ಶುರುವಾಗಿ 48 ಗಂಟೆ ಆಗುವವರೆಗೆ ಬೇರೆ ಮಕ್ಕಳ ಜೊತೆ ಬಿಡಲಿಲ್ಲ.

ಹಾಗಂತ ಮ್ಯುಪಿರೋಸಿನ್ನನ್ನೇ ನೀವಾಗಿ ತಂದು ಎಲ್ಲ ಗಾಯಕ್ಕೂ ಹಚ್ಚಬೇಡಿ. ಆಪರೇಷನ್ನಿಗೆ ಮುಂಚೆ ರೋಗಿಯ ಮೂಗಿನಲ್ಲಿರುವ ಸ್ಟಫೈಲೊಕಾಕಸ್ ತೆಗೆಯಲು ಆಸ್ಪತ್ರೆಗಳಲ್ಲಿ ಬಳಸುವ ಔಷಧ ಅದು. ಕಂಡಕಂಡಲ್ಲಿ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದ ಹಾಗಾಗುತ್ತದೆ. ಸಣ್ಣ ತರಚು ಗಾಯಕ್ಕೆ ಸೋಪು ನೀರು ಸಾಕು. ಹಳೆಯ ಕಾಲದಿಂದ ಮನೆಮನೆಯಲ್ಲಿರುವ ನಿಯೋಮೈಸಿನ್, ಫ್ರಾಮೈಸೆಟಿನ್ ಮುಲಾಮುಗಳಿಂದಲೂ ಕೆಲವರಿಗೆ ಅಲರ್ಜಿಯಾಗುತ್ತದೆ. ಹಚ್ಚಿದ ಸುತ್ತಲೇ ತುರಿಕೆ, ನೀರುಗುಳ್ಳೆ ಬಂದರೆ ಗಾಯ ಹೆಚ್ಚಾಯಿತೆಂದು ಇನ್ನಷ್ಟು ಬಳಿಯದೆ ನಿಲ್ಲಿಸಿ ತೋರಿಸಿ.

ದೊಡ್ಡ ಕುರುವಿಗೆ ಮುಲಾಮು ನಾಟುವುದಿಲ್ಲ, ಒಳಗಿನ ಕೀವನ್ನು ಡಾಕ್ಟರೇ ತೆಗೆಯಬೇಕು. ಮೂಗು, ಮೇಲ್ತುಟಿಯ ಸುತ್ತಲಿನ ಕುರುವನ್ನಂತೂ ಹಿಸುಕಲೇಬೇಡಿ. ಅಲ್ಲಿಯ ರಕ್ತನಾಳಗಳಿಗೆ ಮೆದುಳಿನ ಬುಡದವರೆಗೂ ಸಂಪರ್ಕವಿದೆ. ಜ್ವರ ಬಂದರೆ, ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹರಿದರೆ, ಕಣ್ಣಿನ ಸುತ್ತ ಊದಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನನಗೆ ಗೊತ್ತೇ ಇರದಿದ್ದ ಒಂದು ವಿಷಯವನ್ನು ಡಾಕ್ಟರು ಕೊನೆಗೆ ಹೇಳಿದರು. ಸ್ಟ್ರೆಪ್ಟೊಕಾಕಸ್ ಚರ್ಮದ ಸೋಂಕು ಆದ ಮೇಲೆ, ಗಾಯ ಮಾಯ್ದಿದ್ದರೂ, ಕೆಲವು ವಾರಗಳ ನಂತರ ಅಪರೂಪಕ್ಕೆ ಮಕ್ಕಳ ಮೂತ್ರಪಿಂಡಕ್ಕೆ ಉರಿಯೂತ ಬರಬಹುದು. ಬೆಳಿಗ್ಗೆ ಎದ್ದಾಗ ಮುಖ, ಕಣ್ಣಿನ ರೆಪ್ಪೆ ಊದಿದ್ದರೆ, ಮೂತ್ರ ಕಡಿಮೆಯಾಗಿ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಕರೆತನ್ನಿ ಅಂದರು. ಮಗನನ್ನೂ ಅಣ್ಣನ ಮಗಳನ್ನೂ ಆರು ವಾರ ಹಾಗೇ ಗಮನಿಸಿದೆವು. ಇಬ್ಬರಿಗೂ ಏನೂ ಆಗಲಿಲ್ಲ.